ಕೆಂಪು ಚುಕ್ಕೆಯ ಸೀಸೆ

ಫೆಬ್ರವರಿ 6, ಗುರುವಾರ

ಚೂಟಿಗೆ ಅತ್ತಿಗೆಯ ಆಶೀರ್ವಾದ, ಅರ್ಧ ಮನಸ್ಸಿನದು.

ಪೆಟ್ಟಿಗೆಯ ಮುಚ್ಚಳದೊಳಗೆ ಕಾಗದ ಸಿಕ್ಕಿತು ಎಂದು ಗಾಬರಿಯಾಗಬೇಡ, ಎಲ್ಲರೂ ಬದುಕಿದ್ದೇವೆ. ಇನ್ನು ಮೇಲೆ ಪ್ರತಿ ಗುರುವಾರ ನಮ್ಮ ಪ್ರಯೋಗಾಲಯದಿಂದ ನಿನ್ನ ಹೊಸ ಪ್ರಯೋಗಾಲಯಕ್ಕೆ ಕೋಶಗಳ ಪೆಟ್ಟಿಗೆ ಬರುತ್ತದೆ. ಶುಕ್ರವಾರ ವ್ಯಾನಿನವನು ಖಾಲಿ ಪೆಟ್ಟಿಗೆ ವಾಪಸ್ ತರುತ್ತಾನೆ. ಉತ್ತರ ಬರೆಯುವ ಮನಸ್ಸಾದರೆ ಅದರಲ್ಲೇ ಇಡು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕಲಾರೆ.

ಅತ್ತೆಯ ಮಂಡಿನೋವು ಹಾಗೇ ಇದೆ. ನಿಮ್ಮಣ್ಣನಿಗೆ ಶೀತ, ಮನೆಗೆಲ್ಲ ಅವರದೇ ಸೀನು. ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋಗೆ ಅತ್ತೆ ಕಟ್ಟು ಹಾಕಿಸಿ ಊಟದ ಮೇಜಿನ ಎದುರಿಗೇ ತೂಗುಹಾಕಿದ್ದಾರೆ. 'ಸುಟ್ಟ ಗಾಯಕ್ಕೆ ಚರ್ಮ ಬೆಳೆಸಿದ ವೈದ್ಯೆ.' ನೀನು ಗಾಜಿನ ತಟ್ಟೆ ಹಿಡಿದು ನಗುತ್ತಿದ್ದೀಯ. ನಿನ್ನ ಎಡಗಡೆ ಒಂದು ಮೊಣಕೈ ಇತ್ತು, ಗಮನಿಸಿದ್ದೀಯಾ? ಅದು ನನ್ನದು. ಕಟ್ಟು ಹಾಕುವವನು ಅಳತೆಗೆ ಕೂರಲಿ ಎಂದು ಅದನ್ನೂ ಕತ್ತರಿಸಿದ್ದಾನೆ. ಮೂರು ಹೊತ್ತೂ ನಿನ್ನ ಮುಖ ನೋಡುತ್ತ ಊಟ ಮಾಡುವ ಭಾಗ್ಯ ನನ್ನದು.

ನಿನ್ನ ಲೇಖನವನ್ನೂ ಓದಿದೆ. ಹನ್ನೊಂದು ಪುಟ. ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು'. ಸಿಬ್ಬಂದಿ! ಹತ್ತೊಂಬತ್ತು ವರ್ಷದಿಂದ ಆ ಬಾಗಿಲು ತೆಗೆಯುವವಳು ಸಿಬ್ಬಂದಿ. ನೀನು ಕಾಲೇಜಿನಲ್ಲಿದ್ದಾಗ ಅಡುಗೆಮನೆಯಲ್ಲಿ ಬಣ್ಣದ ನೀರಿಟ್ಟು ಪಿಪೆಟ್ ಹಿಡಿಯುವುದನ್ನು ಕಲಿಸಿದವಳು ಸಿಬ್ಬಂದಿ. ಅತ್ತೆಗೆ ಆ ಸಾಲು ತೋರಿಸಿದೆ. "ನೋಡು, ನಿಮ್ಮನ್ನೆಲ್ಲ ಮರೆತಿಲ್ಲ" ಅಂದರು.

ಸನ್ಮಾನದ ದಿನ ನಾನು ಮುಖ ತಿರುಗಿಸಿಕೊಂಡು ಹೋದದ್ದಕ್ಕೆ ನಿನಗೆ ಕೋಪ ಬಂದಿದೆಯಂತೆ. ನೀನು ಮೈಕಿನಲ್ಲಿ ಏನಂದೆ, ನೆನಪಿದೆಯಾ? "ಸ್ಟ್ರೋಮಲ್ ಕೋಶಗಳು ಬರೀ ಆಧಾರ, ನಿಜವಾದ ಕೆಲಸ ಮೇಲ್ಪದರದ ಕೋಶಗಳದ್ದು, ಅವು ಬೆಳೆಯಲು ನಾನು ಮಾಡಿದ ದ್ರಾವಣ ಸಾಕು." ಬರೀ! ನಾವು ಹಾಸು ಎಂದು ಕರೆಯುವ ಆ ಕೋಶಗಳನ್ನು ನಾನು ನಿನ್ನ ಹುಟ್ಟಿದ ಹಬ್ಬಗಳಿಗಿಂತ ಹೆಚ್ಚು ಸಲ ನೋಡಿದ್ದೇನೆ. ಚರ್ಮದ ಕೆಳಗೆ ಕೂತು ನೂಲು ನೂತು ಮೇಲಿನವರಿಗೆ ಜಾಗ ಮಾಡಿಕೊಡುವುದು ಅವೇ. ಬೆಳೆಯಿರಿ ಎನ್ನುವುದೂ ಅವೇ, ಸಾಕು ನಿಲ್ಲಿ ಎನ್ನುವುದೂ ಅವೇ. ಗಾಯವಾದರೆ ಮೊದಲು ಓಡಿಬರುವುದು ಅವೇ. ಹಾಸು ಇಲ್ಲದೆ ಬೆಳೆದ ಚರ್ಮ ಗಾಯದ ಮೇಲೆ ಎರಡು ದಿನ ನಿಲ್ಲುವುದಿಲ್ಲ.

ಅತ್ತಿಗೆಗೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತೀಯ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡಲು ಅದೇನು ಕದ್ದ ಮಾಲೇ?

ಹೊಸ ಊರಿನಲ್ಲಿ ನೀರು ಕಾಯಿಸಿ ಕುಡಿ.

ನಿನ್ನ ಅತ್ತಿಗೆ

—

ಫೆಬ್ರವರಿ 21, ಶುಕ್ರವಾರ

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡು ವಾರ ಉತ್ತರ ಬರೆದು ಬರೆದು ಹರಿದೆ. ಮೊಣಕೈ ವಿಷಯ ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಹೇಳಿ ಬೇರೆ ಪ್ರತಿಗೆ ಕಟ್ಟು ಹಾಕಿಸುತ್ತೇನೆ. 'ಸಿಬ್ಬಂದಿ' ವಿಷಯಕ್ಕೆ ಏನು ಹೇಳಲಿ? ಲೇಖನಗಳಲ್ಲಿ ಹಾಗೇ ಬರೆಯುವುದು. ಎಲ್ಲರ ಹೆಸರೂ ಹಾಕಲು ಅದೇನು ಮದುವೆ ಕಾಗದವೇ?

ಇಲ್ಲಿ ಎಲ್ಲ ಹೊಸದು. ಕಿಟಕಿಗಳು ಆಳೆತ್ತರ. ನಮ್ಮ ಹಳೆ ಪ್ರಯೋಗಾಲಯದ ಹಾಗೆ ಬಾಗಿಲು ಒದ್ದು ತೆಗೆಯಬೇಕಾಗಿಲ್ಲ. ನನ್ನ ಕೈಕೆಳಗೆ ನಾಲ್ವರು. ಬೆಳಿಗ್ಗೆ ನಾನೇ ಬೀಗ ತೆಗೆಯುತ್ತೇನೆ. ಬೀಗದಕೈ ಜೇಬಿನಲ್ಲಿ ಗಲಗಲ ಅಂದಾಗ ನಿಮ್ಮ ನೆನಪಾಗುತ್ತದೆ. ಯಾಕೆ ಎಂದು ಕೇಳಬೇಡಿ.

ಮೊದಲ ರೋಗಿ ಬಂದಿದ್ದಾಳೆ. ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸು, ನಿಮ್ಮದೇ ವಯಸ್ಸು. ಹಬೆಯ ಕೊಳವೆ ಒಡೆದು ಬೆನ್ನು, ಎರಡೂ ಕೈ, ಕುತ್ತಿಗೆ ಬೆಂದಿವೆ. ತೊಡೆಯಿಂದ ತೆಗೆದ ಚರ್ಮ ಕುತ್ತಿಗೆಗೂ ಎಡಗೈಗೂ ಸಾಲಿತು. ಎಡಗೈ ಗಾಯವೇ ಹೆಚ್ಚು ಆಳವಾಗಿತ್ತು. ಬೆನ್ನಿಗೂ ಬಲಗೈಗೂ ನಾನು ಬೆಳೆಸಿಕೊಡಬೇಕು. ಅಲ್ಲಿಯವರೆಗೆ ದಾನಿಗಳ ಚರ್ಮ ಹೊದಿಸಿ ಕಾಯುವುದು. ಅದು ಎಷ್ಟು ದಿನ ನಿಂತೀತು?

ಲಾಂಡ್ರಿಯಮ್ಮ ಭಾರಿ ಮಾತಿನವಳು. ಅಷ್ಟು ನೋವಿನಲ್ಲೂ ನನ್ನ ಬಿಳಿ ಕೋಟು ನೋಡಿ, "ಡಾಕ್ಟರಮ್ಮಾ, ಕಾಲರ್‌ಗೆ ಗಂಜಿ ಸಾಲದು. ಯಾರು ಹಾಕಿದ್ದು ಇಸ್ತ್ರಿ?" ಅಂದಳು. ನಾನೇ ಅಂದೆ. "ಅದಕ್ಕೇ ಮತ್ತೆ" ಅಂದಳು. ಬಲಗೈ ಉಳಿಸಿಕೊಡಿ, ಅದೇ ನನ್ನ ಅನ್ನ ಎಂದು ದಿನಾ ಹೇಳುತ್ತಾಳೆ. ನನ್ನ ದ್ರಾವಣದಿಂದ ಮೂರು ವಾರದಲ್ಲಿ ಹೊಸ ಚರ್ಮ ಎಂದು ಮಾತು ಕೊಟ್ಟಿದ್ದೇನೆ.

ನಿಮ್ಮ ಚೂಟಿ

—

ಮಾರ್ಚ್ 6, ಗುರುವಾರ

ಚೂಟಿಗೆ,

ಮೂರು ವಾರ ಎಂದು ಮಾತು ಕೊಟ್ಟೆಯಾ? ಕೊಡು, ಕೊಡು. ಮಾತು ಕೊಡಲು ಪಿಪೆಟ್ ಬೇಕಾಗಿಲ್ಲ.

ನಾಲ್ವರು ಕೈಕೆಳಗೆ ಅಂತ ಓದಿ ನನ್ನವರನ್ನೂ ಎಣಿಸಿ ನೋಡಿದೆ. ನನ್ನ ಕೈಕೆಳಗೆ ಯಾರೂ ಇಲ್ಲ. ನನ್ನ ಮೇಲೆ ಏಳು ಜನ. ಮೊನ್ನೆ ಶಸ್ತ್ರಚಿಕಿತ್ಸೆಯ ಡಾಕ್ಟರು ಬಂದು, "ನಿಮ್ಮ ನಾದಿನಿ ಹೋದಮೇಲೂ ಇಲ್ಲಿ ಚರ್ಮ ಚೆನ್ನಾಗಿಯೇ ಬರ್ತಿದೆಯಲ್ಲ, ಅವರ ದ್ರಾವಣ ಅಂದ್ರೆ ದ್ರಾವಣ!" ಅಂದರು. ಅವರ ಮುಂದೆ ನಿಂತಿರುವುದು ಯಾರು, ಗೋಡೆಯೇ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಅತ್ತೆ ನಿನ್ನ ಕಿಟಕಿಗಳ ವಿಷಯ ಎದುರುಮನೆಗೂ ಪಕ್ಕದಮನೆಗೂ ಹೇಳಿ ಬಂದರು. ಅವರ ಬಾಯಲ್ಲಿ ಆಳೆತ್ತರದ್ದು ಎರಡಾಳೆತ್ತರ ಆಗಿದೆ. ಬರುವ ವಾರದ ಹೊತ್ತಿಗೆ ಗೋಡೆಯೇ ಇರುವುದಿಲ್ಲ.

ನಿಮ್ಮಣ್ಣ ನನ್ನನ್ನು ಕೇಳಿದರು, "ಅವಳು ಮುಂದೆ ಬಂದ್ರೆ ನಿಂಗೇನು ನಷ್ಟ?" ಅಂತ. ನಷ್ಟವೇನೂ ಇಲ್ಲ. ಆದರೂ ಉರಿಯುತ್ತದೆ.

ಲಾಂಡ್ರಿಯಮ್ಮನ ಬೆನ್ನು ಕೆಳಗಾಗದಂತೆ ಮಲಗಿಸು. ಬಲಗೈ ಬೆರಳುಗಳನ್ನು ಪಟ್ಟಿ ಕಟ್ಟಿ ಬಿಡಿಸಿ ಇಡಲು ಹೇಳು.

ಅತ್ತಿಗೆ

—

ಮಾರ್ಚ್ 14, ಶುಕ್ರವಾರ

ಅತ್ತಿಗೆಗೆ ನಮಸ್ಕಾರ.

ಚರ್ಮ ನಿಲ್ಲಲಿಲ್ಲ.

ತಟ್ಟೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಸೋಮವಾರ ಹಾಸಿದೆವು. ಗುರುವಾರ ಪಟ್ಟಿ ಬಿಚ್ಚಿದಾಗ ಪಟ್ಟಿಯ ಜೊತೆಗೇ ಎದ್ದು ಬಂತು, ನೀರಿನಲ್ಲಿ ನೆನೆದ ಕಾಗದದ ಹಾಗೆ. ಲಾಂಡ್ರಿಯಮ್ಮ ನನ್ನ ಮುಖ ನೋಡಿ, "ಬಿಡಿ, ಮೊದಲನೇ ದೋಸೆ ಯಾವತ್ತೂ ಕಾವಲಿಗೇ" ಅಂದಳು. ನಾನು ಹೊರಗೆ ಬಂದು ಕೈ ತೊಳೆಯುವ ಜಾಗದಲ್ಲಿ ಅತ್ತುಬಿಟ್ಟೆ.

ದ್ರಾವಣ ಅದೇ. ಉಷ್ಣತೆ ಅದೇ. ವಿಧಾನದ ಪುಸ್ತಕದಲ್ಲಿರುವುದನ್ನು ಅಕ್ಷರ ಬಿಡದೆ ಮಾಡಿದ್ದೇವೆ. ನೀವು ಕಳಿಸುವ ಹಾಸು ಕೋಶಗಳಲ್ಲೇ ಏನೋ ತೊಂದರೆ ಇರಬೇಕು ಅನ್ನಿಸುತ್ತದೆ. ಒಮ್ಮೆ ನೋಡುತ್ತೀರಾ?

ಇನ್ನೊಂದು ಮಾತು. ಅಲ್ಲಿದ್ದಾಗ ನನ್ನ ತಟ್ಟೆಗಳನ್ನು ನೀವೇ ನೋಡಿಕೊಳ್ಳುತ್ತಿದ್ದಿರಿ. ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಮಾಡುತ್ತಿದ್ದಿರಾ?

ಚೂಟಿ

—

ಮಾರ್ಚ್ 20, ಗುರುವಾರ

ಚೂಟಿಗೆ,

ನಾನು ಕಳಿಸಿದ ಹಾಸು ಇಲ್ಲಿ ಚೆನ್ನಾಗಿದೆ, ಅಲ್ಲಿ ಕೆಟ್ಟುಹೋಯಿತೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವ್ಯಾನಿನಲ್ಲಿ ಏನಾದರೂ ಹೆಚ್ಚು ಕಡಿಮೆ ಆಯಿತೇ ಎಂದು ನಿನ್ನ ನಾಲ್ವರು ಕೈಕೆಳಗಿನವರನ್ನು ಕೇಳು.

ಪುಸ್ತಕದಲ್ಲಿ ಇಲ್ಲದ್ದು ನಾನೇನು ಮಾಡುತ್ತೇನೆ? ನಾನು ಸಿಬ್ಬಂದಿ. ಬರೆದದ್ದನ್ನು ಮಾಡುವವಳು. ಪುಸ್ತಕ ಬರೆದವಳು ನೀನು.

ಈ ವಾರ ಇಲ್ಲಿ ಒಬ್ಬ ವೆಲ್ಡರ್‌ಗೆ ಹಾಸಿದ ಚರ್ಮ ಮೊದಲ ಸಲಕ್ಕೇ ಹಿಡಿಯಿತು. ಡಾಕ್ಟರು ಎಲ್ಲರೆದುರು, "ಈಯಮ್ಮನ ಕೈಗುಣ" ಅಂದರು. ದ್ರಾವಣ ಅನ್ನಲಿಲ್ಲ, ಕೈಗುಣ ಅಂದರು. ನಿನಗೆ ತಿಳಿಸೋಣ ಎಂದು ಬರೆದೆ.

ಅತ್ತಿಗೆ

—

ಏಪ್ರಿಲ್ 4, ಶುಕ್ರವಾರ

ಅತ್ತಿಗೆಗೆ,

ಎರಡನೆಯದೂ ಹೋಯಿತು. ದ್ರಾವಣವನ್ನು ಇನ್ನೂ ಗಟ್ಟಿ ಮಾಡಿದ್ದೆ. ಕೋಶಗಳು ಬೇಗ ಬೇಗ ಬೆಳೆದವು, ಬೇಗ ಬೇಗ ಸತ್ತವು. ಬೆನ್ನಿನ ಮೇಲೆ ಅಂಗೈಯಗಲ ಮಾತ್ರ ಉಳಿದಿದೆ.

ನನ್ನ ಲೇಖನದಲ್ಲಿ ಬರೆದದ್ದು ನಿಜವೇ ಎಂದು ನಮ್ಮ ಮುಖ್ಯಸ್ಥರು ಕೇಳಿದರು. ಬಾಯಿ ಮಾತಿನಲ್ಲಲ್ಲ, ಲಿಖಿತವಾಗಿ.

ಬಲಗೈ ಮುಚ್ಚಿಕೊಳ್ಳಲು ಶುರುವಾಗಿದೆ. ನಿಮಗೆ ನಾನು ಹೇಳಬೇಕಾಗಿಲ್ಲ. ಗಾಯ ಬಹಳ ದಿನ ತೆರೆದಿದ್ದರೆ ಅದೇ ಹಾಸು ಕೋಶಗಳು ಬಿಗಿಯಾಗುತ್ತವೆ, ನೂಲನ್ನು ನಾರು ಮಾಡುತ್ತವೆ, ಅಂಚುಗಳನ್ನು ಹಿಡಿದು ಎಳೆಯುತ್ತವೆ. ವಾಸಿ ಮಾಡಲು ಬಂದವು ನಿಲ್ಲಿಸುವುದನ್ನು ಮರೆಯುತ್ತವೆ. ಪಟ್ಟಿ ಕಟ್ಟಿದರೂ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಬರುತ್ತಿವೆ. ಲಾಂಡ್ರಿಯಮ್ಮ ಈಗ ಹೆಚ್ಚು ಮಾತಾಡುವುದಿಲ್ಲ. ನಿನ್ನೆ ಬಲಗೈಯನ್ನೇ ನೋಡುತ್ತ, "ಇಸ್ತ್ರಿಪೆಟ್ಟಿಗೆ ಹಿಡಿಯೋವಷ್ಟು ಬಿಚ್ಚಿಕೊಂಡರೆ ಸಾಕು, ಚಪ್ಪಾಳೆ ಏನೂ ತಟ್ಟಬೇಕಾಗಿಲ್ಲ" ಅಂದಳು.

ಮತ್ತೆ ಕೇಳುತ್ತೇನೆ, ಅತ್ತಿಗೆ. ಪುಸ್ತಕದಲ್ಲಿ ಇಲ್ಲದ್ದು ಏನಾದರೂ?

ಚೂಟಿ

—

ಏಪ್ರಿಲ್ 10, ಗುರುವಾರ

ಚೂಟಿಗೆ,

ಅತ್ತೆಯ ಮಂಡಿಗೆ ಹೊಸ ಎಣ್ಣೆ ತಂದಿದ್ದೇವೆ. ನಿಮ್ಮಣ್ಣ ಶನಿವಾರ ನಲ್ಲಿ ರಿಪೇರಿ ಮಾಡಿಸಿದರು. ಈ ಪೆಟ್ಟಿಗೆಯಲ್ಲಿ ಆರು ಸೀಸೆ ಹಾಸು ಇದೆ, ಎಣಿಸಿಕೊ.

ಅತ್ತಿಗೆ

—

ಏಪ್ರಿಲ್ 17, ಗುರುವಾರ

ಚೂಟಿ,

ಮೊದಲು ಕೆಲಸದ ಮಾತು. ಇದನ್ನು ಓದಿ, ಎದ್ದು ಹೋಗಿ ಮಾಡಿ, ಆಮೇಲೆ ಉಳಿದದ್ದು ಓದು.

ಲಾಂಡ್ರಿಯಮ್ಮನ ಕಿವಿಯ ಹಿಂದಿನಿಂದ ಹೆಬ್ಬೆರಳ ಉಗುರಿನಷ್ಟು ಚರ್ಮ ತೆಗೆಸು. ಮೇಲ್ಪದರ ಬಿಡಿಸಿದ ಮೇಲೆ ಕೆಳಪದರ ಉಳಿಯುತ್ತದಲ್ಲ, ಪುಸ್ತಕದಲ್ಲಿ 'ಕಸದ ಹಳದಿ ಚೀಲಕ್ಕೆ ಹಾಕಿ' ಎಂದಿದೆಯಲ್ಲ, ಅದನ್ನು ಹಾಕಬೇಡ. ಸಣ್ಣಗೆ ಕತ್ತರಿಸಿ ಬೇರೆ ಸೀಸೆಯಲ್ಲಿ ಬೆಳೆಸು. ಅದು ಅವಳದೇ ಹಾಸು. ನಾವು ಕಳಿಸುವುದು ಯಾರದೋ ಹಾಸು, ಎಲ್ಲರಿಗೂ ಒಂದೇ. ಅದು ಹಿಡಿದಿಡುತ್ತದೆ, ಆದರೆ ಅವಳ ಚರ್ಮಕ್ಕೆ ಹೇಳಬೇಕಾದ್ದನ್ನು ಹೇಳಲು ಅದಕ್ಕೆ ಬರುವುದಿಲ್ಲ. ಅವಳ ಹಾಸು ಬೆಳೆದ ನೀರನ್ನು ನಾಲ್ಕನೇ ದಿನದಿಂದ ಚರ್ಮದ ತಟ್ಟೆಗೆ ಹಾಕು. ನಿನ್ನ ದ್ರಾವಣ ಎರಡು ಪಾಲು, ಈ ನೀರು ಒಂದು ಪಾಲು. ಎಂಟನೇ ದಿನದ ಮೇಲಿನ ನೀರು ಬೇಡ. ಆ ಹೊತ್ತಿಗೆ ಅವು ಬಿಗಿಯಾಗಿರುತ್ತವೆ, ಗಾಯವನ್ನು ಎಳೆಯುವ ಬುದ್ಧಿ ಬಂದಿರುತ್ತದೆ. ಇಷ್ಟೇ. ನನ್ನ ಕೈಗುಣ ಅಂದರೆ ಇದೇ.

ಹೋಗಿ ಬಂದೆಯಾ?

ಇನ್‌ಕ್ಯುಬೇಟರಿನ ಕೆಳಗಿನ ಖಾನೆಯಲ್ಲಿ, ಹಿಂದಿನ ಮೂಲೆಯಲ್ಲಿ, ಕೆಂಪು ಚುಕ್ಕೆ ಇಟ್ಟ ಸೀಸೆಗಳು ಇರುತ್ತಿದ್ದವು. ಪ್ರತಿ ರೋಗಿಗೂ ಒಂದು. ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ. ಮೊದಲು ಬರೀ ಕುತೂಹಲ. ಅಷ್ಟು ಚೆನ್ನಾಗಿರುವುದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮನೆಯಲ್ಲಿ ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪಿಗೆ ಎತ್ತಿಡುವುದಿಲ್ಲವೇ, ಹಾಗೆ. ನಂತರ ನೋಡಿದರೆ ಅದು ಹಾಕಿದ ತಟ್ಟೆಯೇ ಗೆಲ್ಲುತ್ತಿತ್ತು. ಯಾರಿಗೂ ಹೇಳಲಿಲ್ಲ. ಕೇಳದೆ ರೋಗಿಯ ಚರ್ಮಕ್ಕೆ ಏನನ್ನಾದರೂ ಹಾಕುವುದು ತಪ್ಪು ಎಂದು ಗೊತ್ತಿತ್ತು. ನೀನು ಬಂದೆ, ದ್ರಾವಣ ಮಾಡಿದೆ, ನಾನು ನಿನ್ನ ತಟ್ಟೆಗಳಿಗೂ ಆ ನೀರು ಹಾಕುತ್ತ ಬಂದೆ. ಗೆದ್ದದ್ದು ದ್ರಾವಣ ಅಂದುಕೊಂಡೆ ನೀನು. ನಿನ್ನ ಲೇಖನ ಬರುವ ಮೊದಲು ಹೇಳೋಣ ಅಂತಿದ್ದೆ. ಲೇಖನ ಬಂತು, ಸಿಬ್ಬಂದಿ ಅಂತ ಓದಿದೆ, ಬಾಯಿ ಮುಚ್ಚಿಕೊಂಡೆ.

ಮಾರ್ಚ್‌ನಲ್ಲಿ ನೀನು ಕೇಳಿದಾಗ ನನಗೆ ಸಂತೋಷವಾಯಿತು, ಚೂಟಿ. ಸುಳ್ಳು ಹೇಳಲಾರೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ಎರಡನೇ ಸಲ ನಿಧಾನಕ್ಕೆ. ನೆಲ ಡೊಂಕು ಅಂದಳಂತೆ ಎಂದು ನಿನ್ನನ್ನು ಹಂಗಿಸಿದೆ. ನೆಲ ಡೊಂಕೇ ಇತ್ತು. ಡೊಂಕೆಂದು ತಿಳಿದೇ ಕಳಿಸಿದವಳು ನಾನು. ಏಪ್ರಿಲ್ ಕಾಗದ ಬಂದಾಗ ಸಂತೋಷವಾಗಲಿಲ್ಲ, ಆದರೂ ನಲ್ಲಿ ರಿಪೇರಿ ಬಗ್ಗೆ ಬರೆದೆ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತೀಯ ಎಂಬ ಭಯ.

ಮೊನ್ನೆ ಭಾನುವಾರ ನೀನು ಅತ್ತೆಗೆ ಫೋನ್ ಮಾಡಿ ಅತ್ತುಬಿಟ್ಟೆಯಂತೆ. ಅತ್ತೆ ಅಡುಗೆಮನೆಗೆ ಬಂದರು. ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳದವರು, ಬಾಗಿಲು ಹಿಡಿದುಕೊಂಡು, "ನೀನು ಹೋಗಿ ಬಾರೇ. ನಿನ್ನ ಕೈಯಲ್ಲಿ ಆಗುತ್ತಂತೆ. ಅವಳೇ ಅಂದಳು, ಅತ್ತಿಗೆ ಕೈ ನಂಗಿಲ್ಲ ಅಂತ" ಅಂದರು. ಎಷ್ಟು ವರ್ಷ ಕಾದಿದ್ದೆ ಆ ಮಾತಿಗೆ! ಕಿವಿಗೆ ಬಿದ್ದಾಗ ಕೈಯಲ್ಲಿದ್ದ ಲೋಟ ಇಟ್ಟು ಕೂತುಬಿಟ್ಟೆ. ನೀನಲ್ಲ, ನಾನು ನೋಡೇ ಇಲ್ಲದ ಒಬ್ಬಳ ಎರಡು ಬೆರಳು ಕಣ್ಣ ಮುಂದೆ ಬಂದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ನನ್ನ ಕೆಲಸ.

ಇಲ್ಲಿನ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ನೀನೂ ಬೈದು ಬರೆ.

ಅತ್ತಿಗೆ

—

ಮೇ 16, ಶುಕ್ರವಾರ

ಅತ್ತಿಗೆಗೆ,

ಹಿಡಿಯಿತು. ಬೆನ್ನೆಲ್ಲ ಹಿಡಿಯಿತು. ಎಂಟು ದಿನವಾಯಿತು, ಪಟ್ಟಿ ಬಿಚ್ಚಿದರೆ ಏಳುವುದಿಲ್ಲ, ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಬಲಗೈಯ ಮೇಲೂ ಹಿಡಿದಿದೆ. ಆದರೆ ಮೂರು ಬೆರಳು ಮಡಚಿಕೊಂಡಿವೆ. ಶಸ್ತ್ರಚಿಕಿತ್ಸೆ ಮಾಡಿ ಸ್ವಲ್ಪ ಬಿಡಿಸಬಹುದಂತೆ. ಮೊದಲಿನಂತೆ ಆಗುವುದಿಲ್ಲವಂತೆ. ಮಾರ್ಚ್‌ನಲ್ಲಿ ಹಿಡಿದಿದ್ದರೆ ಕೈ ಉಳಿಯುತ್ತಿತ್ತು ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು, ಹವಾಮಾನದ ಬಗ್ಗೆ ಹೇಳುವಷ್ಟು ಸಲೀಸಾಗಿ.

ಬೈದು ಬರೆ ಅಂದಿರಿ. ನಾಲ್ಕು ವಾರದಿಂದ ಬೈಗುಳ ಹುಡುಕುತ್ತಿದ್ದೇನೆ. ಒಂದೊಂದೂ ನನ್ನ ಮೇಲೇ ಬಂದು ಬೀಳುತ್ತದೆ.

ಕೆಂಪು ಚುಕ್ಕೆಯ ಸೀಸೆ ನನಗೆ ಗೊತ್ತಿತ್ತು, ಅತ್ತಿಗೆ.

ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನೋಡಿದ್ದೆ. ನೀವು ಬೆನ್ನು ಅಡ್ಡ ಮಾಡಿಕೊಂಡು ಅದರಿಂದ ನೀರು ತೆಗೆಯುವುದನ್ನೂ ನೋಡಿದ್ದೆ. ಎಷ್ಟು, ಯಾವ ದಿನ ಎಂಬುದು ತಿಳಿದಿರಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಲೇಖನದಲ್ಲಿ ಮೊದಲ ಹೆಸರು ನಿಮ್ಮದಾಗಬೇಕಾಗುತ್ತಿತ್ತು. ಹನ್ನೊಂದು ವರ್ಷ ಓದಿ ಬಂದವಳು ನಾನು. ವಾರ್ಡಿನಿಂದ ಬಂದವರೆಲ್ಲ ನನ್ನನ್ನು ದಾಟಿ ನಿಮ್ಮ ಹತ್ತಿರ ಹೋಗಿ, "ಇದನ್ನ ನೀವೇ ನೋಡಿಕೊಳ್ಳಿ" ಅನ್ನುತ್ತಿದ್ದರು. ನೀವು ಬೀಗ ತೆಗೆದರೇ ಬೆಳಗಾಗುತ್ತಿದ್ದುದು ಅಲ್ಲಿ. ನನಗೆ ನಿಮ್ಮ ಕೈ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಸ್ಟ್ರೋಮಲ್ ಕೋಶಗಳು ಬರೀ ಆಧಾರ ಎಂದು ಮೈಕಿನಲ್ಲಿ ಹೇಳುವಾಗ ನಾನು ಮೂರನೇ ಸಾಲಿನಲ್ಲಿ ಕೂತಿದ್ದ ನಿಮ್ಮನ್ನೇ ನೋಡುತ್ತಿದ್ದೆ.

ಆ ಸೀಸೆ ಇಲ್ಲದೆ ನನ್ನ ದ್ರಾವಣವೊಂದೇ ಗೆಲ್ಲುತ್ತದೆ ಎಂದು ತೋರಿಸಲು ಇಲ್ಲಿಗೆ ಬಂದೆ. ಮಾರ್ಚ್‌ನಲ್ಲಿ ನಿಮ್ಮನ್ನು ಕೇಳಿದ್ದು ತಿಳಿಯದೆ ಅಲ್ಲ. ನೀವೇ ಬಾಯಿಬಿಟ್ಟರೆ, ನನಗೆ ಗೊತ್ತಿತ್ತು ಎಂದು ನಾನು ಒಪ್ಪಿಕೊಳ್ಳಬೇಕಾಗಿರಲಿಲ್ಲ. ನೀವು ಬಾಯಿ ಬಿಡಲಿ ಎಂದು ನಾನು, ನಾನು ಸೋಲಲಿ ಎಂದು ನೀವು. ಹಾಸಿಗೆಯಲ್ಲಿ ಅವಳು.

ಕೈ ಯಾಕೆ ಹೀಗಾಯಿತು ಎಂದು ಲಾಂಡ್ರಿಯಮ್ಮ ಕೇಳಿದಳು. ಕೋಶಗಳ ಪೆಟ್ಟಿಗೆ ದಾರಿಯಲ್ಲಿ ತಡವಾಯಿತು ಅಂದೆ. ಬಾಯಿಗೆ ಅದೇ ಬಂತು.

ಚೂಟಿ

—

ಜುಲೈ 4, ಶುಕ್ರವಾರ

ಲ್ಯಾಬಿನ ಅಮ್ಮನವರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದೆ, ನಗಬೇಡಿ. ಎಡಗೈಲಿ ಬರೀತಿದ್ದೀನಿ. ಡಾಕ್ಟರಮ್ಮನ ಹತ್ರ ಹಟ ಮಾಡಿ ನಿಮ್ಮ ಪೆಟ್ಟಿಗೇಲಿ ಇಡ್ಸಿದೀನಿ. ನಾಳೆ ನನ್ನ ಮನೆಗೆ ಕಳಿಸ್ತಾರೆ.

ನನ್ನ ಬೆನ್ನಿನ ಚರ್ಮ ಬೆಳೆಸೋ ದಾರಿ ನೀವು ಹೇಳಿಕೊಟ್ಟಿದ್ದಂತೆ. ಡಾಕ್ಟರಮ್ಮ ಹೇಳಿದ್ರು. ದೇವರು ನಿಮ್ಮ ಕೈ ಚೆನ್ನಾಗಿಟ್ಟಿರಲಿ. ಈಗ ಅಂಗಾತ ಮಲಗ್ತೀನಿ. ನಾಲ್ಕು ತಿಂಗಳಾಗಿತ್ತು ಹಾಗೆ ಮಲಗಿ. ಮೊದಲನೇ ದಿನ ಸೂರು ನೋಡ್ತಾ ನಗು ಬಂದ್ಬಿಡ್ತು.

ಬಲಗೈ ಮೂರು ಬೆರಳು ಮುಚ್ಚಿಕೊಂಡೇ ಇದೆ. ಒಳಗಿನ ಹಾಸು ಕಾದು ಕಾದು ಸಾಕಾಗಿ ತಾನೇ ಎಳಕೊಂಡು ಬಿಡ್ತಂತೆ. ಪಾಪ, ಅದು ತಾನೇ ಏನು ಮಾಡುತ್ತೆ, ಗಾಯ ಮುಚ್ಚಬೇಕು ಅನ್ನೋದೊಂದೇ ಅದಕ್ಕೆ ಗೊತ್ತು. ಅಂಗಡೀಲಿ ಇನ್ನು ಇಸ್ತ್ರಿ ಕೊಡಲ್ಲ, ಬಟ್ಟೆ ಮಡಚೋದು ಕೊಡ್ತಾರಂತೆ. ಮಡಚೋದಕ್ಕೆ ಎಡಗೈ ಸಾಕು. ಕಾಲರ್ ಇಸ್ತ್ರಿ ಮಾತ್ರ ನನ್ನಷ್ಟು ಚೆನ್ನಾಗಿ ಆ ಬೀದೀಲಿ ಯಾರಿಗೂ ಬರಲ್ಲ. ಈಗ ನನ್ನ ಜಾಗಕ್ಕೆ ಬಂದಿರೋಳನ್ನ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ, ನಿಮ್ಮ ಹತ್ರ ಸುಳ್ಳು ಯಾಕೆ?

ನಿಮ್ಮ ಪೆಟ್ಟಿಗೆ ದಾರೀಲಿ ತಡ ಆಯ್ತಂತೆ, ಇಲ್ಲದಿದ್ರೆ ಕೈನೂ ಉಳೀತಿತ್ತಂತೆ. ಆ ವ್ಯಾನಿನವರನ್ನ ಬೈಬೇಡಿ. ಅವರಿಗೂ ಮನೆ ಮಕ್ಕಳು ಇರ್ತಾರೆ. ದಾರಿ ಅಂದಮೇಲೆ ಹೆಚ್ಚು ಕಡಿಮೆ ಆಗುತ್ತೆ. ನಾನು ಅವರನ್ನ ಕ್ಷಮಿಸಿದೀನಿ ಅಂತ ಹೇಳಿ.

ಇಂತಿ,
ಲಾಂಡ್ರಿಯವಳು

—

ಜುಲೈ 10, ಗುರುವಾರ

ಲಾಂಡ್ರಿಯಮ್ಮನವರಿಗೆ,

ನಿಮ್ಮ ಕಾಗದ ಬಂತು. ಅಕ್ಷರ ಸೊಟ್ಟಗಿಲ್ಲ. ಈ ಪತ್ರವನ್ನು ನಿಮ್ಮ ಮನೆಗೇ ತಲುಪಿಸಲು ವ್ಯಾನಿನವರ ಕೈಗೆ ಕೊಟ್ಟಿದ್ದೇನೆ. ಅವರನ್ನು ಒಳಗೆ ಕರೆದು ನೀರು ಕೊಡಿ. ಐದು ತಿಂಗಳಲ್ಲಿ ಒಂದು ಗುರುವಾರವೂ ಅವರು ತಡ ಮಾಡಿಲ್ಲ.

ತಡ ಮಾಡಿದ್ದು ನಾನು. ನಿಮ್ಮ ಚರ್ಮ ಯಾಕೆ ನಿಲ್ಲುತ್ತಿಲ್ಲ ಎಂದು ಮಾರ್ಚ್‌ನಲ್ಲಿ ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು. ಹತ್ತು ಸಾಲಿನಲ್ಲಿ ಬರೆಯುವಷ್ಟು ಚಿಕ್ಕ ವಿಷಯ ಅದು. ನಾಲ್ಕು ಗುರುವಾರ ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ, ಆ ಹತ್ತು ಸಾಲು ಇಡಲಿಲ್ಲ. ನನ್ನ ನಾದಿನಿಗೆ, ಅಂದರೆ ನಿಮ್ಮ ಡಾಕ್ಟರಮ್ಮನಿಗೆ, ಹೆಸರು ಬಂತು, ನನಗೆ ಬರಲಿಲ್ಲ ಎಂಬ ಹೊಟ್ಟೆಕಿಚ್ಚು, ಬೇರೆ ಕಾರಣವಿಲ್ಲ. ನೀವು ಯಾರೆಂದು ಆಗ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಅದೂ ಸುಳ್ಳು. ನೀವು ಕಾಲರ್ ನೋಡಿ ಆಡಿದ ಮಾತನ್ನು ಫೆಬ್ರವರಿಯಲ್ಲೇ ಓದಿ ನಕ್ಕಿದ್ದೆ. ಅವಳ ಪಾಲಿನದ್ದನ್ನು ಅವಳೇ ನಿಮಗೆ ಹೇಳುತ್ತಾಳೆ, ಈ ಕಾಗದದ ನಕಲು ಅವಳಿಗೂ ಹೋಗಿದೆ.

ಆಸ್ಪತ್ರೆಯವರು ನನ್ನನ್ನು ಕೋಶಗಳನ್ನು ಮುಟ್ಟುವ ಕೆಲಸದಿಂದ ತೆಗೆದಿದ್ದಾರೆ. ವಿಧಾನದ ಪುಸ್ತಕ ಮತ್ತೆ ಬರೆಯುತ್ತಿದ್ದಾರೆ. ಅದರಲ್ಲಿ ಕೆಂಪು ಚುಕ್ಕೆಯ ಸೀಸೆ ಇರುತ್ತದೆ, ಪಕ್ಕದಲ್ಲಿ ನನ್ನ ಹೆಸರು ಹಾಕುತ್ತೇವೆ ಎಂದರು. ಬೇಡ ಅಂದೆ. ಹತ್ತೊಂಬತ್ತು ವರ್ಷ ಹೆಸರು ಬೇಕು ಬೇಕು ಎಂದು ಉರಿದವಳಿಗೆ ಒಂದೇ ಕಡೆ ಹೆಸರು ಬರೆಸಿಕೊಳ್ಳುವ ಯೋಗ್ಯತೆ ಉಳಿದಿದೆ. ನಿಮ್ಮ ಬಲಗೈ ಯಾಕೆ ಮುಚ್ಚಿಕೊಂಡಿದೆ ಎಂದು ಯಾರಾದರೂ ಕೇಳಿದರೆ ದಾರಿಯಲ್ಲಿ ತಡವಾಯಿತು ಅನ್ನಬೇಡಿ, ನನ್ನ ಹೆಸರು ಹೇಳಿ. ಲಕೋಟೆಯ ಹಿಂದೆ ವಿಳಾಸದ ಜೊತೆ ಬರೆದಿದ್ದೇನೆ.

ವ್ಯಾನಿನವರಿಗೆ ಕೊಟ್ಟ ಕ್ಷಮೆಯನ್ನು ನಾನು ಅವರಿಗೆ ತಲುಪಿಸಿಲ್ಲ. ಅದು ಅವರದಲ್ಲ. ವಾಪಸ್ ಕಳಿಸುತ್ತಿದ್ದೇನೆ, ನಿಮ್ಮ ಹತ್ತಿರವೇ ಇರಲಿ.

ಇಂತಿ,
ಚೂಟಿಯ ಅತ್ತಿಗೆ